ಹತ್ತೇ ಎಸೆತ

ಕಿಂಗ್ಸ್‌ಬರಿ, ಲಂಡನ್
ಮೇ ೧೯೯೮

ಸುಶೀಲಾ, ಚಪ್ಪಾಳೆ ತಟ್ಟು! ನಮ್ಮ ಮೊಮ್ಮಗ ಅನಿಕೇತ ಇಂದು ಮತ್ತೆ ಬೇಸ್‌ಬಾಲ್ ಎಸೆದ! ಮೊಣಕೈ ಆಪರೇಷನ್, ಅದು ಮಾಯುವಷ್ಟರಲ್ಲಿ ಕಾಮಾಲೆ. ಅಮೆರಿಕ ತಂಡದವರು ಇಲ್ಲಿಗೆ ಬಂದು ಹುಡುಗರನ್ನು ಆರಿಸುವ ಅವಕಾಶ ಎರಡು ವರ್ಷವೂ ಅವನ ಕೈತಪ್ಪಿತ್ತಲ್ಲ? ಇಂದು ಡಾಕ್ಟರರ ಅಪ್ಪಣೆ ಹತ್ತೇ ಎಸೆತಕ್ಕೆ. ಮೊದಲನೆಯದಕ್ಕೇ ನಾನು ಎದ್ದು ನಿಂತು, "ಕೈ ಮಡಚ್ಯಾನ, ನೋ ಬಾಲ್!" ಎಂದು ಮೈದಾನವೆಲ್ಲ ಕೇಳುವಂತೆ ಗುಡುಗಿದೆ.

"ಅಜ್ಜಾ, ಪ್ಲೀಸ್! ಇದು ಕ್ರಿಕೆಟ್ ಅಲ್ಲ!"

ಹತ್ತೂ ಮುಗಿದವು. "ಒನ್ ಮೋರ್, ಅಜ್ಜಾ?" ಎಂದು ಬೇಡಿದ. ಮೂವತ್ತು ವರ್ಷ ನಾಟಕದಲ್ಲಿ ರಾಜನಾಗಿ ಗರ್ಜಿಸಿದ ನಾನು "ಬ್ಯಾಡೋ ಮಗನ" ಎನ್ನಲು ದನಿ ಹುಡುಕಬೇಕಾಯಿತು.

ನನ್ನ ಬಿ.ಪಿ. ನೆಟ್ಟಗಿದೆ, ಗುಳಿಗೆ ಸಾಕಷ್ಟಿವೆ. ಅವನು ಎದುರಿಗೇ ಎಡಗೈಯಲ್ಲಿ ರೊಟ್ಟಿ ತಿನ್ನುತ್ತಿದ್ದಾನೆ; ಬಲಗೈ ಚೆಂಡನ್ನು ಬಿಡಲೊಲ್ಲದು. ಬೈಯಲು ಮನಸ್ಸಾಗಲಿಲ್ಲ.

ನಿನ್ನ ವೀರಣ್ಣ