ಬೆಟ್ಟ ಕಂಡ ಮರ

ಡಿಂಗಲ್ ತೋಟ, ಯಾರ್ಸ್‌ಫರ್ಡ್
ಗ್ಲಾಸ್ಟರ್‌ಶೈರ್
12 ಮೇ 1986, ಸೋಮವಾರ

ಪ್ರೀತಿಯ ಕ್ಲೆಮ್,

ಮೊದಲು ನಿನ್ನ ಕ್ಷೇಮ, ನಿನ್ನ ಮಗಳು ಗ್ವೆಂಡಾಳ ಕ್ಷೇಮ ಕೇಳುತ್ತೇನೆ. ಆಮೇಲೆ ಕ್ಷಮೆ ಕೇಳುತ್ತೇನೆ. ನಿನ್ನ ಕಾಗದ ಬಂದದ್ದು ಫೆಬ್ರುವರಿಯಲ್ಲಿ, ಇದು ಮೇ. ಮೂರು ತಿಂಗಳಿಂದ ಅದು ಅಡುಗೆಮನೆಯ ಗಡಿಯಾರದ ಹಿಂದೆ ಕೂತಿದೆ. ಗಡಿಯಾರಕ್ಕೆ ಕೀ ಕೊಡಲು ಹೋದಾಗಲೆಲ್ಲ ಕೈಗೆ ತಾಕುತ್ತದೆ. "ಆ ಮನುಷ್ಯ ಕಾಯ್ತಾ ಕೂತಿರ್ತಾನೆ, ಎರಡು ಗೆರೆ ಗೀಚಿ ಹಾಕೋಕೆ ನಿಮಗೇನು ದೊಡ್ಡ ರೋಗ" ಎಂದು ಮೇವಿಸ್ ವಾರಕ್ಕೊಮ್ಮೆಯಾದರೂ ನನ್ನನ್ನು ಬೈದಿದ್ದಾಳೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ನನ್ನ ರೋಗ ಏನೆಂದು ಗೊತ್ತಿಲ್ಲದೆ ಏನಿಲ್ಲ.

ಕೆಲಸವಿತ್ತು, ಅದಕ್ಕೇ ಬರೆಯಲಾಗಲಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ನೀನು ಒಂದು ಪ್ರಶ್ನೆ ಕೇಳಿದ್ದೆ: "ಊರು ಬಿಡುವ ಮುಂಚಿನ ಆ ಚಳಿಗಾಲದಲ್ಲಿ ನಾನು ಎಷ್ಟು ಕುಡಿಯುತ್ತಿದ್ದೆ ಅನ್ನುವುದು ನಿನಗೆ ಗೊತ್ತಿತ್ತೇ ವಿಲ್ಫ್, ಅಥವಾ ನಿಜವಾಗಿಯೂ ಕಾಣಲಿಲ್ಲವೇ?" ಅದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಒಣಗಿತು. ಸದ್ಯಕ್ಕೆ ಸುದ್ದಿ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. "ಕುಡಿಯುವುದು ಬಿಟ್ಟಿದ್ದೇನೆ, ಕೇಳುವುದು ಬಿಟ್ಟಿಲ್ಲ, ಎಲ್ಲವನ್ನೂ ಬಿಡದೆ ಬರೆ" ಎಂದು ನೀನೇ ಹೇಳಿದ್ದೀಯ. ಹಾಗಾಗಿ ಸಂಕೋಚವಿಲ್ಲದೆ ಬರೆಯುತ್ತೇನೆ.

ಬೆಟ್ಟದ ಬಟ್ಟಲು ನಮ್ಮ ಮನೆಗೆ ಬಂದಿದೆ, ಕ್ಲೆಮ್. ಮರಸೇಬಿನ ಪೆರ್ರಿ ಮದ್ಯದ ಸ್ಪರ್ಧೆ ಗೆಲ್ಲುತ್ತಲೇ ಬಂದು ಹನ್ನೊಂದು ವರ್ಷದಿಂದ ಹೆಸ್ಟರ್ ಟ್ರಂಪರಳ ಬೀರುವಿನಲ್ಲಿ ಕೂತಿದ್ದ ಅದೇ ಬೆಳ್ಳಿ ಬಟ್ಟಲು. ಮೇವಿಸ್ ಆಗಲೇ ಅದರಲ್ಲಿ ಮೊಟ್ಟೆ ಇಟ್ಟಿದ್ದಾಳೆ.

ನೀನು ಮಗಳ ಮನೆಗೆ ಹೋದ ಮೇಲೆ ಊರಿನವರು ನನ್ನನ್ನು ಎಷ್ಟು ಆಡಿಕೊಂಡರು ಎನ್ನುವುದು ನಿನಗೆ ತಿಳಿಯದು. ನಮ್ಮಿಬ್ಬರಿಗೂ ಅವರು ಇಟ್ಟ ಹೆಸರು ನೆನಪಿದೆಯಲ್ಲ, ನೀನು ನಾಲಿಗೆ, ನಾನು ಕೈ. "ನಾಲಿಗೆ ಸಮುದ್ರದ ಗಾಳಿ ಕುಡಿಯೋಕೆ ಹೋಯ್ತು, ಇನ್ನು ಕೈ ಒಂದೇ ಕೂತು ಏನು ಹಿಂಡುತ್ತೋ ನೋಡೋಣ" ಎಂದು ಹೆಂಡದಂಗಡಿಯಲ್ಲಿ ಬೆಟ್ ಕಟ್ಟಿದರಂತೆ. ಅದರ ಮೇಲೆ ಮೇಲಿನ ಹೊಲದ ಎರಡು ಮರಗಳೂ ಕಳೆದ ವರ್ಷ ಬರಡಾಗಿ ನಿಂತವು. ಒಂದು ಬುಟ್ಟಿ ಹಣ್ಣೂ ಬರಲಿಲ್ಲ. ಬಿಟ್ಟದ್ದು ಹಳ್ಳದ ಮರ ಒಂದೇ. ಅದು ಮಾತ್ರ ಹುಚ್ಚು ಹಿಡಿದಂತೆ ಬಿಟ್ಟಿತು, ಕೊಂಬೆಗಳಿಗೆ ಕವೆ ಕೊಟ್ಟು ನಿಲ್ಲಿಸಬೇಕಾಯಿತು. ನಿನ್ನ ಮುತ್ತಜ್ಜನ ಅಜ್ಜ ನೆಟ್ಟ ಮರ, ನಿನ್ನ ಮಾನ ಕಾಪಾಡಬೇಕೆಂದು ಅದಕ್ಕೂ ಅನಿಸಿರಬೇಕು.

ನಿನಗೆ ಗೊತ್ತು, ಪೆರ್ರಿಯ ಮರಸೇಬಿನದು ಮೇಲೆ ಥಳುಕು, ಒಳಗೆ ಹುಳುಕು. ಹೊರಗೆ ಹಸಿರಾಗಿ ಗಟ್ಟಿಯಾಗಿರುತ್ತದೆ, ಒಳಗೆ ತಿರುಳು ಆಗಲೇ ಕಂದಿರುತ್ತದೆ. ಒಂದು ದಿನ ಮುಂಚೆ ಅರೆದರೆ ಒಗರು ಬಾಯಿ ಕಟ್ಟುತ್ತದೆ, ಒಂದು ದಿನ ತಡವಾದರೆ ರಸ ಸತ್ತಿರುತ್ತದೆ. ನೀನಿದ್ದಾಗ ಹಣ್ಣು ಕೊಯ್ದು ಮೂಗಿಗೆ ಹಿಡಿದು "ನಾಳೆ" ಅನ್ನುತ್ತಿದ್ದೆ, ಇಲ್ಲವೇ "ಇವತ್ತೇ" ಅನ್ನುತ್ತಿದ್ದೆ. ನಾನು ಗಾಣ ತಿರುಗಿಸುತ್ತಿದ್ದೆ, ಅಷ್ಟೇ ನನ್ನ ವಿದ್ಯೆ. ಈ ಸಲ ಅಕ್ಟೋಬರ್ ಪೂರ್ತಿ ದಿನಾ ಮಧ್ಯಾಹ್ನ ಹತ್ತು ಹಣ್ಣು ಹೋಳು ಮಾಡಿ ನಾನು ಮೂಸುತ್ತಿದ್ದೆ, ಮೇವಿಸ್ ಮೂಸುತ್ತಿದ್ದಳು, ಕೊನೆಗೆ ನಾಯಿಗೂ ಮೂಸಿಸಿದೆ. ಒಂದು ಗುರುವಾರ ತಿರುಳು ಹೆಬ್ಬೆರಳ ಉಗುರಿನಷ್ಟಗಲ ಕಂದಿತ್ತು. ಹಳೆಯ ಜೇನುಪೆಟ್ಟಿಗೆಯ ವಾಸನೆ. ನನ್ನ ತಲೆಯೊಳಗೆ ನಿನ್ನ ದನಿ "ಇವತ್ತೇ" ಅಂದಿತು. ಆ ದಿನವೇ ಅರೆದೆ. ಅರೆದ ತಿರುಳನ್ನು ನೀನು ಹೇಳಿಕೊಟ್ಟ ಹಾಗೆ ಒಂದು ರಾತ್ರಿ ಒಗರು ಇಳಿಯಲು ಬಿಟ್ಟು ಮರುದಿನ ಹಿಂಡಿದೆ. ಸಕ್ಕರೆ ಹಾಕಲಿಲ್ಲ, ಹುದುಗು ಹಾಕಲಿಲ್ಲ, ನೀರು ಮುಟ್ಟಿಸಲಿಲ್ಲ. ಪೀಪಾಯಿಗೆ ತುಂಬಿ ಬಾಗಿಲು ಮುಂದೆ ಮಾಡಿ ಬಂದೆ. ನಾಲ್ಕನೆಯ ದಿನ ಅದು ತಾನಾಗಿಯೇ ಗುಣುಗುಣು ಹಾಡತೊಡಗಿದಾಗ ಪೀಪಾಯಿಗೆ ಕಿವಿಕೊಟ್ಟು ಅತ್ತುಬಿಟ್ಟೆ. ಇದನ್ನು ಹೆಂಡದಂಗಡಿಯವರಿಗೆ ಹೇಳಬೇಡ.

ಏಪ್ರಿಲ್‌ನಲ್ಲಿ ಬಾಟಲಿಗೆ ಇಳಿಸಿದೆ. ಹೇಗಿತ್ತು ಎಂದು ಕೇಳುತ್ತೀಯ, ಹೇಳುತ್ತೇನೆ. ಬಣ್ಣ ಒಣಹುಲ್ಲಿನದು, ಬೆಳಕಿಗೆ ಹಿಡಿದರೆ ತುಸು ಹಸಿರು. ಮೂಗಿಗೆ ಬೇಲಿಯ ಎಲ್ಡರ್ ಹೂವಿನ ಘಮ. ನಾಲಿಗೆಯ ತುದಿಗೆ ಎಷ್ಟು ಬೇಕೋ ಅಷ್ಟೇ ಸಿಹಿ, ನುಂಗಿದ ಮೇಲೆ ಒಗರು ನಿಧಾನವಾಗಿ ಬಂದು ಕೆನ್ನೆಯ ಒಳಗೆ ಕೂರುತ್ತದೆ, ಎದ್ದು ಹೋಗುವುದೇ ಇಲ್ಲ. ಹಂದಿಗಳೂ ಮೂಸಿ ಬಿಡುವ ಹಣ್ಣು ಇಂಥದ್ದಾಗುತ್ತದೆ. ಪೇಟೆಯವರು ಪುಟ್ಟ ಬಾಟಲಿಯಲ್ಲಿ ಸಿಹಿ ನೊರೆ ತುಂಬಿ ಮಾರುತ್ತಾರಲ್ಲ, ಅದನ್ನು ಕುಡಿದು ಬೆಳೆದವರು ಇದನ್ನು ಬಾಯಿಗಿಟ್ಟರೆ ಮೊದಲ ಸಲ ನಾಲಿಗೆ ಹುಟ್ಟಿದಂತಾಗಬೇಕು.

ಇನ್ನು ಶನಿವಾರದ ಪ್ರದರ್ಶನದ ಮಾತು. ಸಭಾಂಗಣ ತುಂಬಿತ್ತು. ಸ್ಪರ್ಧೆಗೆ ಮೂವತ್ತೊಂದು ಸೈಡರ್, ಹದಿನಾಲ್ಕು ಪೆರ್ರಿ. ಮೇಜಿನ ಮೇಲೆ ಬ್ರೆಡ್ಡು, ಚೀಸು, ಹಂದಿ ತೊಡೆಯ ಮಾಂಸ, ಮೇವಿಸಳ ಉಪ್ಪಿನಕಾಯಿ ಈರುಳ್ಳಿ. ಲಂಡನ್ನಿನಿಂದ ಬಂದ ಯಾರೋ ನಮ್ಮ ಬಾಟಲಿ ತೋರಿಸಿ "ಇದು ಮರಸೇಬಿನ ಸೈಡರ್ ತಾನೇ" ಎಂದು ಕೇಳಿದ. ಮೇವಿಸ್ ಅವನಿಗೆ, "ಸೇಬಿಂದು ಸೈಡರ್, ಮರಸೇಬಿಂದು ಪೆರ್ರಿ. ನಿಮ್ಮೂರಲ್ಲಿ ಮೇಕೆ ಹಾಲಿಗೆ ಹಸುವಿನ ಹಾಲು ಅಂತಾರೇನಪ್ಪ" ಅಂದಳು. ಪಾಪ, ಅವನು ಆಮೇಲೆ ಮೂರು ಲೋಟ ಕುಡಿದು ಅವಳಿಗೆ ನಮಸ್ಕಾರ ಹೇಳಿ ಹೋದ.

ತೀರ್ಪುಗಾರ ಹೆರೆಫರ್ಡ್ ಕಡೆಯ ಕತ್ಬರ್ಟ್ ವೀಲ್. ಕಡ್ಡಿಯಂಥ ಮನುಷ್ಯ, ನಗುವುದಕ್ಕೂ ಲೆಕ್ಕ ಹಾಕುವವನು. ಹದಿಮೂರು ಪೆರ್ರಿಗಳನ್ನು ಬಾಯಲ್ಲಿ ತಿರುಗಿಸಿ ಬಕೆಟ್ಟಿಗೆ ಉಗಿದ. ನಮ್ಮದನ್ನು ಉಗಿಯಲಿಲ್ಲ. ನುಂಗಿ, ಕಣ್ಣು ಮುಚ್ಚಿಕೊಂಡು, ಇನ್ನೊಂದು ಗುಟುಕು ತೆಗೆದುಕೊಂಡ. ನಮ್ಮದು ಮೊದಲು, ಹೆಸ್ಟರಳದು ಎರಡನೆಯದು.

ಬಟ್ಟಲು ನನ್ನ ಕೈಗೆ ಬರುವಷ್ಟರಲ್ಲಿ ಹೆಸ್ಟರ್ ಎದ್ದು ನಿಂತಳು. ಪ್ರದರ್ಶನ ನಡೆಸುವ ಸಂಘದ ಹಳೆಯ ಪುಸ್ತಕ ತರಿಸಿ ನಿಯಮ ಓದಿಸಿದಳು. ಬೆಟ್ಟದ ಬಟ್ಟಲು ನಮ್ಮೂರಿನ ‘ಮೇ’ ಬೆಟ್ಟ ಕಾಣುವ ಮರದ ಪೆರ್ರಿಗೆ ಮಾತ್ರ. ಬೆಟ್ಟ ಕಾಣದ ಮರದ್ದು ಪೆರ್ರಿಯೇ ಅಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನು ಯಾರೋ ಪುಣ್ಯಾತ್ಮರು ನಿಯಮ ಮಾಡಿ ಬರೆದಿಟ್ಟಿದ್ದಾರೆ. ಮೇಲಿನ ಹೊಲದ ಮರಗಳಿಗೆ ಬೆಟ್ಟ ಎದುರಿಗೇ ಇದೆ, ಈ ಸಲದ್ದು ಹಳ್ಳದ ಮರದ್ದು, ಆ ಹಳ್ಳದಲ್ಲಿ ನಿಂತರೆ ಬೆಟ್ಟ ಹಾಗಿರಲಿ, ಚರ್ಚಿನ ಗೋಪುರವೂ ಕಾಣುವುದಿಲ್ಲ ಎಂದಳು. ನಿಜವೇ. ನಾನು ಐವತ್ತು ವರ್ಷದಿಂದ ಆ ಹಳ್ಳದಲ್ಲಿ ನಿಂತಿದ್ದೇನೆ, ನನಗೆ ಕಂಡದ್ದು ಗಿಡಗಂಟಿ ಮಾತ್ರ.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಮರ ನೋಡ್ಬೇಕು ಅಂತ ನಿಯಮ ಇದೆ ಹೆಸ್ಟರ್, ನೀವು ನೋಡ್ಬೇಕು ಅಂತ ಇಲ್ಲ. ಮರ ಅರವತ್ತು ಅಡಿ ಇದೆ, ನೀವು ಐದೂ ಕಾಲು" ಎಂದೆ. ಸಭೆ ಗೊಳ್ಳೆಂದಿತು. ವೀಲ್ ಮಾತ್ರ ನಗಲಿಲ್ಲ. ಪುಸ್ತಕವನ್ನು ಮತ್ತೊಮ್ಮೆ ಓದಿ, ಮಾತು ಸರಿಯಾಗಿದೆ, ಹೋಗಿ ನೋಡೋಣ ಎಂದ.

ಇಡೀ ಸಭೆ ಲೋಟಗಳನ್ನು ಹಿಡಿದುಕೊಂಡೇ ಅರ್ಧ ಮೈಲಿ ನಡೆದು ಬಂತು. ದಾರಿಯುದ್ದಕ್ಕೂ ಹಾಡು. ಮರದಲ್ಲಿ ಕೊನೆಯ ಹೂ ಉದುರುತ್ತಿತ್ತು, ಎಲ್ಲರ ತಲೆಯ ಮೇಲೂ ಲೋಟದಲ್ಲೂ ಬಿಳಿ ಎಸಳು. ಉದ್ದ ಏಣಿ ಹಾಕಿದೆ. ಹತ್ತಲು ಕಾಲಿಟ್ಟವನನ್ನು ಮೇವಿಸ್ ಹಿಂದಿನಿಂದ ಕೊರಳಪಟ್ಟಿ ಹಿಡಿದು ಎಳೆದಳು, ಎಪ್ಪತ್ತನಾಲ್ಕರ ಮುದುಕನ ಮೂಳೆ ಆರಿಸುವ ಕೆಲಸ ತನ್ನಿಂದಾಗದಂತೆ. ವೀಲ್‌ಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ. ಬೇರೆಯವರು ಮುಂದೆ ಬಂದರೆ ಹೆಸ್ಟರ್ ಒಪ್ಪಲಿಲ್ಲ.

"ಇವನ ಕಡೆಯವರು ಹತ್ತಿದ್ರೆ ಕಾಣ್ತು ಅಂತಾರೆ, ನನ್ನ ಕಡೆಯವರು ಹತ್ತಿದ್ರೆ ಕಾಣಲ್ಲ ಅಂತಾರೆ. ಏಣಿ ಹಿಡ್ಕೊಳ್ಳಿ, ನಾನೇ ಹತ್ತೀನಿ" ಎಂದಳು.

ಅರವತ್ತೆಂಟು ವರ್ಷದ ಹೆಂಗಸು, ಕ್ಲೆಮ್. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಬೂಟು ಹಾಕಿಕೊಂಡು ಹತ್ತಿದಳು. ಏಣಿ ಮುಗಿದ ಮೇಲೂ ಕೊಂಬೆ ಹಿಡಿದು ಹತ್ತಿದಳು. ಎಲೆಗಳ ನಡುವೆ ಬೂಟು ಮಾತ್ರ ಕಾಣುತ್ತಿತ್ತು. ಮೊದಲು, ತನ್ನ ಮನೆಯ ಹೊಗೆಗೂಡಿನಲ್ಲಿ ಕಾಗೆ ಗೂಡು ಕಟ್ಟಿದೆ ಎಂದು ಗಂಡನನ್ನು ಬೈದಳು. ಆಮೇಲೆ ಇನ್ನೊಂದು ಕೊಂಬೆ ಹತ್ತಿದಳು. ನಾವೆಲ್ಲ ಕತ್ತು ಎತ್ತಿ ನಿಂತಿದ್ದೆವು. ಆ ಹೊತ್ತಿನಲ್ಲಿ ಅವಳು ಏನು ಹೇಳಿದರೂ ಅದೇ ಸತ್ಯ, ಏಕೆಂದರೆ ಪರೀಕ್ಷಿಸಲು ಇನ್ನೊಬ್ಬರನ್ನು ಹತ್ತಲು ಅವಳು ಬಿಟ್ಟಿರಲಿಲ್ಲ. ಕಾಣುವುದಿಲ್ಲ ಎಂದು ಒಂದೇ ಒಂದು ಮಾತು ಅಂದಿದ್ದರೆ ಬಟ್ಟಲು ಅವಳದೇ.

"ಕಾಣ್ತಾ ಇದೆ" ಎಂದಳು ಮೇಲಿನಿಂದ. ಆಮೇಲೆ, "ತುದೀಲಿರೋ ಪೈನ್ ಮರಗಳೂ ಕಾಣ್ತಾ ಇವೆ. ಚೆನ್ನಾಗೇ ಕಾಣುತ್ತೆ, ಹಾಳಾದ್ದು."

ಕೆಳಗಿಳಿದ ಮೇಲೆ ಮೊದಲ ಲೋಟ ಅವಳಿಗೇ ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡು, ಪೆರ್ರಿ ಚೆನ್ನಾಗಿದೆ, ಆದರೆ ಮುಂದಿನ ವರ್ಷ ನೋಡಿಕೊಳ್ಳುತ್ತೇನೆ ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕ್ಲೆಮ್‌ಗೆ ಬರಿ. ಅವನ ಮರ ಇದು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಎಲ್ಲರೂ ಲೋಟ ಎತ್ತಿ ನಿನ್ನ ಹೆಸರು ಹೇಳಿದರು. ಮರದ ಪಾಲೆಂದು ಬೇರಿಗೆ ಒಂದು ಬಾಟಲಿ ಸುರಿದರು. ಕತ್ಬರ್ಟ್ ವೀಲ್ ಹಾಡಿದ, ಹಾಡಬಾರದಿತ್ತು. ಹೊತ್ತು ಮುಳುಗುವವರೆಗೂ ಯಾರೂ ಮನೆಗೆ ಹೋಗಲಿಲ್ಲ. ಇಂಥ ಪೆರ್ರಿ ನಮ್ಮ ಮಣ್ಣಿನಲ್ಲಿ ಹುಟ್ಟುತ್ತದೆ, ನಾನು ಅದನ್ನು ಮಾಡಬಲ್ಲೆ ಎಂದು ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಬರೆಯಲು ನಾಚಿಕೆಯಾಗುತ್ತದೆ.

ಬಟ್ಟಲಿನ ಮೇಲೆ ಗೆದ್ದವರ ಹೆಸರು ಕೆತ್ತಿಸಬೇಕಲ್ಲ. ಸ್ಕಿರ್ಮ್ ಮತ್ತು ಪ್ರೋಬರ್ಟ್ ಎಂದು ನನ್ನದೂ ನಿನ್ನದೂ ಎರಡೂ ಇರಲಿ ಅಂದೆ. ಕಾರ್ಯದರ್ಶಿ ಗೊಣಗಿದ, ಈ ವರ್ಷ ಮಾಡಿದವನು ನೀನೊಬ್ಬನೇ ಅಲ್ಲವೇ ಎಂದು. ಕೈಗೆ ಏನು ಬರುತ್ತದೋ ಅದೆಲ್ಲ ನಾಲಿಗೆ ಹೇಳಿಕೊಟ್ಟದ್ದು ಎಂದೆ. ಕೊನೆಗೆ ಒಪ್ಪಿದ.

ಆರೋಗ್ಯ ನೋಡಿಕೋ. ಸಮುದ್ರದ ಗಾಳಿ ನಿನ್ನ ಎದೆಗೆ ಒಳ್ಳೆಯದು ಮಾಡಲಿ. ಗ್ವೆಂಡಾಳಿಗೂ ಅವಳ ಮಕ್ಕಳಿಗೂ ನಮ್ಮ ಆಶೀರ್ವಾದ ತಿಳಿಸು. ಮೇವಿಸ್ ಒಂದು ಡಬ್ಬಿ ಈರುಳ್ಳಿ ಕಳಿಸುತ್ತಿದ್ದಾಳೆ, ಅದರಲ್ಲಿ ಸೈಡರ್ ವಿನೆಗರ್ ಬಿಟ್ಟರೆ ಬೇರೇನೂ ಇಲ್ಲ, ಧೈರ್ಯವಾಗಿ ತಿನ್ನು. ದೇವರು ನಿನ್ನನ್ನು ಬಹುಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಹಳೆಯ ಜೊತೆಗಾರ,
ವಿಲ್ಫ್ ಸ್ಕಿರ್ಮ್

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು: ನೀನು ಕೇಳಿದ್ದಕ್ಕೆ ಉತ್ತರ. ಹೌದು ಕ್ಲೆಮ್, ಗೊತ್ತಿತ್ತು. ನವೆಂಬರ್‌ನಲ್ಲೇ ಕಂಡಿದ್ದೆ. ಬೆಳಿಗ್ಗೆ ಏಳು ಗಂಟೆಗೆ ನೀನು ಮೂರನೆಯ ಪೀಪಾಯಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ರುಚಿ ನೋಡುವ ಕೊಳವೆಯನ್ನು ಬಾಯಿಗಿಟ್ಟು ಹೀರುತ್ತಿದ್ದೆ. ನಾನು ಹಿಂದೆ ಸರಿದು, ಹೊರಗೆ ಹೋಗಿ ಕೆಮ್ಮಿ, ಅಗುಳಿ ಅಲ್ಲಾಡಿಸಿ ಮತ್ತೆ ಬಂದೆ, ನಿನಗೆ ಎದ್ದು ನಿಲ್ಲಲು ಹೊತ್ತು ಸಿಗಲಿ ಎಂದು. ಆ ಚಳಿಗಾಲ ಪೂರ್ತಿ ದಿನಾ ಅಗುಳಿ ಅಲ್ಲಾಡಿಸಿಯೇ ಒಳಗೆ ಬಂದೆ. ಹಿಂಡುವುದು ಮುಗಿಯಲಿ, ಹೇಳೋಣ ಅಂದುಕೊಂಡೆ. ಆಮೇಲೆ ಗಸಿ ತೆಗೆಯುವುದು ಮುಗಿಯಲಿ ಅಂದುಕೊಂಡೆ. ಏಪ್ರಿಲ್‌ನಲ್ಲಿ, ಯಾವ ಪೀಪಾಯಿ ಬಾಟಲಿಗೆ ಇಳಿಸಬೇಕೆಂದು ನೀನಲ್ಲದೆ ಯಾರು ಹೇಳುತ್ತಾರೆ ಅಂದುಕೊಂಡೆ. ಮೇ ತಿಂಗಳಲ್ಲಿ ಪ್ರದರ್ಶನ ಮುಗಿಯಲಿ ಅಂದುಕೊಂಡೆ. ಜೂನ್‌ನಲ್ಲಿ ನೀನು ಗಾಣದ ಮನೆಯ ನೆಲದ ಮೇಲೆ ಬಿದ್ದಿದ್ದೆ. ನನಗೆ ನಿನ್ನ ನಾಲಿಗೆ ಬೇಕಿತ್ತು ಕ್ಲೆಮ್, ಅದಕ್ಕಾಗಿ ನಿನ್ನನ್ನು ಸಾಯಲು ಬಿಟ್ಟೆ. ಅಷ್ಟು ಮಾಡಿ ಆ ವರ್ಷ ನಮಗೆ ಬಂದದ್ದು ಮೂರನೆಯ ಸ್ಥಾನ. ಹೆಸ್ಟರ್ ಕಂಡದ್ದನ್ನು ಕಂಡ ಹಾಗೆ ಹೇಳಿದಳು, ಅದರಿಂದ ಅವಳಿಗೆ ನಷ್ಟವೇ ಆಯಿತು. ಕೆಳಗೆ ನಿಂತು ಕೇಳಿದ ನನಗೆ ಮುಖ ಎತ್ತಲಾಗಲಿಲ್ಲ. ಬಟ್ಟಲಿನ ಮೇಲೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಇರಬಹುದೇ, ಬೇಡವೇ, ನೀನೇ ತಿಳಿಸು. ನಿನ್ನ ಕಾಗದ ಬರುವವರೆಗೂ ಕೈ ಹಚ್ಚಬೇಡ ಎಂದು ಕೆತ್ತುವವನಿಗೆ ಹೇಳಿ ಬಂದಿದ್ದೇನೆ.