ಮಿಲ್ಲಿನಾಚೆಯ ಬಲ್ಬು

ಗಂಗಾವತಿ

ಮಹೇಶ್ವರಿ,

ನಿನ್ನ ಮಣ್ಣಿಗೆ ಹೋಗಿ ಈಗಷ್ಟೇ ಬಂದೆ. ಕೈಕಾಲು ತೊಳೆದು ಬರೆಯಲು ಕೂತಿದ್ದೇನೆ.

ಮೊನ್ನೆ ತರಗತಿಯಲ್ಲಿ ಮಕ್ಕಳಿಗೆ ಪಕ್ಕದ ಗೆಲಾಕ್ಸಿಯ ಚಿತ್ರ ತೋರಿಸಿ ನಾನೇ ಹೇಳಿದ್ದೆ: "ಈ ಚುಕ್ಕಿ ತಾವ ಮಂಕಿಲ್ಲ. ನಡುವ ಧೂಳೈತಿ, ಬೆಳಕ ತಡೀತೈತಿ. ಧೂಳ ಮರತ್ರ ಹತ್ತಿರದ್ದೂ ದೂರ ಅನಸ್ತೈತಿ."

ನಿಮ್ಮ ಕಟ್ಟೆಯ ಬಲ್ಬು ಹೊತ್ತಿದರೆ ಚಿಕ್ಕಂದಿನಲ್ಲಿ ನನಗೆ 'ಬಾ' ಎಂದರ್ಥ. ನಾವಿಬ್ಬರೂ ಮಾತು ಬಿಟ್ಟ ಮೇಲೆ ಅದು ನಮ್ಮ ಮಾಳಿಗೆಗೆ ಮಂಕಾಗಿ ಕಾಣತೊಡಗಿತು. ಬೇಕೆಂದೇ ಸಣ್ಣ ಬಲ್ಬು ಹಾಕಿದ್ದೀ ಎಂದುಕೊಂಡೆ. ಅದೇ ವರ್ಷ ನಮ್ಮೆರಡು ಮನೆಗಳ ನಡುವೆ ಅಕ್ಕಿ ಮಿಲ್ಲು ಎದ್ದಿತ್ತು. ಅದರ ಹೊಟ್ಟಿನ ಧೂಳು ನನ್ನ ತಲೆಗೆ ಹೊಳೆಯಲೇ ಇಲ್ಲ.

ಈ ಸಂಜೆ ಆ ಬಲ್ಬಿನ ಕೆಳಗೇ ನಿಂತಿದ್ದೆ. ಕಣ್ಣು ಕುಕ್ಕುವ ಬೆಳಕು.

ನಿನ್ನವ್ವ ಮಾರೆವ್ವ ನನ್ನ ಕೈ ಹಿಡಿದು ಅಂದಳು: "ಅತೀಯಾ, ಅದನ್ನ ದಿನಾ ಒರಸ್ತಿದ್ಳ ಬೇ, ನಿನಗ ಕಾಣ್ಲಿ ಅಂತ."