ಪಕ್ಕದಲ್ಲಿ ಬರೆದ ನಿಜದ ಅಳತೆ

ಮಗಳೇ,

ಸ್ಕ್ಯಾನಿಂಗಿಗೆ ಹತ್ತು ಗಂಟೆಗೆ ಬರಹೇಳಿದ್ದಾರೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿದೇ ಹೊರಡು. ಎತ್ತರದ ಚಪ್ಪಲಿ ಬೇಡವೆಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಮೊದಲ ಮಗುವಿನ ಬೆಳವಣಿಗೆಯ ಕಾರ್ಡು ಮೇಜಿನ ಮೇಲಿದೆ. ಅದನ್ನು ಡಾಕ್ಟರಿಗೆ ಕೊಡು. ಅದರಲ್ಲಿರುವ ತಲೆಯ ಸುತ್ತಳತೆಗಳಲ್ಲಿ ಕೊನೆಯ ಮೂರು ಸುಳ್ಳು. ನಿಜವಾದದ್ದನ್ನು ಪಕ್ಕದಲ್ಲಿ ಬರೆದಿದ್ದೇನೆ: ಮೂವತ್ತಾರು ಸೆಂಟಿಮೀಟರ್, ಮೂವತ್ತಾರು, ಮೂವತ್ತಾರು.

"ಅತ್ತೆ, ತಲೆ ಬೆಳೀತಾ ಇದೆ ತಾನೆ?" ಎಂದು ನೀನು ಪ್ರತಿ ಸಲ ಕೇಳುತ್ತಿದ್ದೆ. "ಬೆಳೀದೆ ಏನು? ಅವರಪ್ಪನ ಹಾಗೆ ಕುಂಬಳಕಾಯಿ ಆಗುತ್ತೆ, ನೋಡ್ತಿರು" ಎಂದು ನಾನು ನಗಿಸುತ್ತಿದ್ದೆ. ಟೇಪು ಸರಿಯಾಗಿಯೇ ಹೇಳಿತ್ತು; ನೀನು ಹೆದರುತ್ತೀಯೆಂದು ನನ್ನ ಕೈ ಬೇರೆ ಬರೆಯಿತು. ನಲವತ್ತು ವರ್ಷ ನರ್ಸಾಗಿದ್ದವಳು ಬರೆದದ್ದೆಂದು ಡಾಕ್ಟರು ಮತ್ತೆ ಅಳೆಯಲಿಲ್ಲ.

ಮಗು ಹೋಗಿ ಎರಡು ವರ್ಷವಾಯಿತು. ಪ್ರಾರ್ಥನೆಗೆ ಕೂತಾಗಲೆಲ್ಲ ಆ ತಲೆ ನನ್ನ ಅಂಗೈಗೆ ಬರುತ್ತದೆ. ಮೆತ್ತಗೆ, ಬೆಚ್ಚಗೆ, ಅಷ್ಟೇ ಅಳತೆ.

ದೇವರಲ್ಲಿ ತಪ್ಪೊಪ್ಪಿಕೊಂಡಿದ್ದೇನೆ. ಆದರೆ ದೇವರು ಹೋಗಿ ಡಾಕ್ಟರಿಗೆ ಹೇಳುವುದಿಲ್ಲ. ನಿನ್ನ ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಹೇಗೆ ಬೆಳೆಯುತ್ತಿದೆಯೆಂದು ನೋಡುವವರಿಗೆ ಅದರ ಅಕ್ಕನ ವಿಷಯ ಗೊತ್ತಿರಲೇಬೇಕು.

ನಿನ್ನೆದುರು ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಮುಂಚೆ ಹೊರಟಿದ್ದೇನೆ. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಇರುತ್ತೇನೆ. ನೀನು ಕರೆದರೆ ಒಳಗೆ ಬಂದು ಡಾಕ್ಟರಿಗೆ ನಾನೇ ಹೇಳುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ, ತಾಯಿ. ಕಾರ್ಡನ್ನು ಮಾತ್ರ ಬಿಟ್ಟು ಬರಬೇಡ.

ನಿನ್ನ ಅತ್ತೆ